ಸೆನ್ಸರ್ ಆನ್ ಇದ್ದರೆ ಸಾಲದು, ನಡೆಸಿ ನೋಡಬೇಕು

ಪೇಸ್‌ಮೇಕರ್ ಇರುವವರು ಚೆಕಪ್‌ಗೆ ಬಂದಾಗ ನಾನು ಮೊದಲು ಕೇಳುವುದು, "ಮೆಟ್ಟಿಲು ಹತ್ತಿದರೆ ಹೇಗಾಗುತ್ತೆ?" ಅಂತ. ಸುಮ್ನೆ ಕೂತಿದ್ದಾಗ ಹೆಚ್ಚಿನವರು ಚೆನ್ನಾಗೇ ಇರುತ್ತಾರೆ. ಕಷ್ಟ ಗೊತ್ತಾಗುವುದು ಓಡಾಡುವಾಗ.

ಕೆಲವರ ಹೃದಯ ಶ್ರಮಕ್ಕೆ ತಕ್ಕಷ್ಟು ವೇಗವಾಗಿ ಬಡಿಯುವುದಿಲ್ಲ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. ಕೈಲಾದಷ್ಟು ಶ್ರಮ ಹಾಕಿದರೂ ಅದರ ಶೇಕಡಾ 80 ಮುಟ್ಟದಿದ್ದರೆ ನಮಗೆ ಅನುಮಾನ ಬರುತ್ತದೆ. ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಯಿಂದಲೂ ಹೀಗಾಗಬಹುದು. ಅದಕ್ಕೇ ಮಾತ್ರೆ ಚೀಟಿ ನೋಡಿಯೇ ಮುಂದಿನ ಕೆಲಸ.

ಹಿರಿಯರೊಬ್ಬರು ನೆನಪಾಗುತ್ತಾರೆ. ಹೃದಯ ಬಡಿತ ಶುರು ಮಾಡುವ ಜಾಗವಾದ ಸೈನಸ್ ನೋಡ್ ದುರ್ಬಲವಾಗಿ ಪೇಸ್‌ಮೇಕರ್ ಹಾಕಿತ್ತು. ಶ್ರಮ ಗುರುತಿಸಿ ಬಡಿತ ಏರಿಸುವ ಸೆನ್ಸರ್ ಅದರಲ್ಲಿ ಆನ್ ಇತ್ತು, ಆದರೆ ಕಂಪನಿಯಿಂದ ಬಂದ ಸೆಟ್ಟಿಂಗ್‌ನಲ್ಲೇ. "ಸ್ವಲ್ಪ ದೂರ ನಡೆದ್ರೆ ಕಾಲು ಸೋತು ಹೋಗುತ್ತೆ ಡಾಕ್ಟ್ರೇ" ಅಂದರು. ಯಾವ ವೇಗದಲ್ಲಿ ಎಷ್ಟು ಹೊತ್ತು ಬಡಿದಿದೆ ಎಂದು ಪೇಸ್‌ಮೇಕರ್ ಬರೆದಿಡುವ ಗ್ರಾಫ್, ಅಂದರೆ ಹಿಸ್ಟೋಗ್ರಾಮ್ ತೆಗೆದು ನೋಡಿದೆ. ನಿಮಿಷಕ್ಕೆ 60ರಿಂದ 70ರ ನಡುವೆ ಒಂದೇ ಒಂದು ಎತ್ತರದ ಕಂಬ. ಅದರಾಚೆ ಹೆಚ್ಚುಕಡಿಮೆ ಖಾಲಿ. ಇಡೀ ದಿನ ಓಡಾಡುವ ಮನುಷ್ಯನ ಗ್ರಾಫ್ ಹಾಗಿರಲ್ಲ, ಅಲ್ವಾ?

ಕಾರಿಡಾರ್‌ನಲ್ಲಿ ಅವರ ಜೊತೆ ನಾನೂ ನಡೆದೆ. ಅವರು ಕಾಲು ಎಳೆದು ಮೆಲ್ಲಗೆ ನಡೆಯುತ್ತಿದ್ದರು. ಅಷ್ಟು ಸಣ್ಣ ಅಲುಗಾಟ ಸೆನ್ಸರ್ ಲೆಕ್ಕಕ್ಕೇ ಬರುತ್ತಿರಲಿಲ್ಲ. ಥ್ರೆಶೋಲ್ಡ್ (ಸೆನ್ಸರ್ ಎಚ್ಚರಗೊಳ್ಳಲು ಬೇಕಾದ ಕನಿಷ್ಠ ಅಲುಗಾಟ) ಇಳಿಸಿ, ಸ್ಲೋಪ್ (ಅಲುಗಾಟಕ್ಕೆ ಬಡಿತ ಎಷ್ಟು ಏರಬೇಕು ಎಂಬ ಲೆಕ್ಕ) ಒಂದು ಹಂತ ಏರಿಸಿ ಮತ್ತೆ ನಡೆಸಿದೆ. ಈ ಸಲ ಬಡಿತ 90ರ ಹತ್ತಿರ ಬಂತು. ಮಾತಾಡುತ್ತಲೇ ಕೊನೆಯವರೆಗೂ ನಡೆದರು.

ಯಾವ ಸೆನ್ಸರ್ ಇದೆ ಎಂಬುದೂ ಮುಖ್ಯ. ಅಲುಗಾಟ ಅಳೆಯುವುದು ಬೇಗ ಸ್ಪಂದಿಸುತ್ತದೆ, ಆದರೆ ನಿಂತಲ್ಲೇ ತುಳಿಯುವ ಸೈಕಲ್ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಮೆಟ್ಟಿಲು ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಬಡಿತ ಜಾಸ್ತಿ ಮಾಡುವುದೂ ಉಂಟು, ಹೆಜ್ಜೆ ಜೋರಾಗಿ ಬೀಳುತ್ತದಲ್ಲ! ಉಸಿರಾಟ ಅಳೆಯುವ ಸೆನ್ಸರ್ ಸ್ವಲ್ಪ ನಿಧಾನ, ಆದರೆ ಶ್ರಮಕ್ಕೆ ಹೆಚ್ಚು ಹತ್ತಿರ. ಎರಡೂ ಇರುವ ಪೇಸ್‌ಮೇಕರ್ ಇದ್ದರೆ ನಾನು ಎರಡನ್ನೂ ಸೇರಿಸಿ ಬಳಸುತ್ತೇನೆ. ಒಂದು ಎಚ್ಚರ: ಉಸಿರಾಟದ ಸೆನ್ಸರ್ ಇರುವವರಿಗೆ ಆಪರೇಷನ್ ಇದ್ದರೆ ಅದನ್ನು ಮೊದಲೇ ಆಫ್ ಮಾಡಿಸಬೇಕು. ಕೆಲವು ಮಾನಿಟರ್‌ಗಳು ಉಸಿರು ಅಳೆಯಲು ಬಿಡುವ ಸಣ್ಣ ಕರೆಂಟ್ ಅದನ್ನು ದಾರಿ ತಪ್ಪಿಸಿ, ಕಾರಣವಿಲ್ಲದೆ ಬಡಿತ ಏರಿಸಬಹುದು.

ಬಡಿತ ಏರಿಸಿದರೆ ಎಲ್ಲರಿಗೂ ಒಳ್ಳೆಯದು ಅಂತಲ್ಲ. ರಕ್ತನಾಳದಲ್ಲಿ ಬ್ಲಾಕ್ ಇದ್ದರೆ ಎದೆನೋವು ಬರಬಹುದು, ಹಾಗಾಗಿ ಅಂಥವರಿಗೆ ಮೇಲಿನ ಮಿತಿಯನ್ನು ಕಡಿಮೆ ಇಡುತ್ತೇನೆ. ಪಂಪಿಂಗ್ ಶಕ್ತಿ ಸರಿಯಿದ್ದೂ ಹಾರ್ಟ್ ಫೇಲ್ಯೂರ್ ಇರುವವರ ಮೇಲೆ ನಡೆದ ರ್‍ಯಾಪಿಡ್-ಎಚ್‌ಎಫ್ ಅಧ್ಯಯನ 2023ರಲ್ಲಿ ಬಂತು. ಅವರಲ್ಲಿ ಪೇಸಿಂಗ್‌ನಿಂದ ಬಡಿತ ಏರಿತು, ಆದರೆ ವ್ಯಾಯಾಮದ ಶಕ್ತಿ ಹೆಚ್ಚಲಿಲ್ಲ. ಪ್ರತಿ ಬಡಿತಕ್ಕೆ ಹೊರಬರುವ ರಕ್ತ ಕಡಿಮೆಯಾಗಿತ್ತು. ಅಂಥವರಿಗೆ ಪೇಸ್‌ಮೇಕರ್‌ನಿಂದಲೇ ಸುಸ್ತು ಹೋಗುತ್ತದೆ ಎಂಬ ಭರವಸೆ ನಾನು ಕೊಡುವುದಿಲ್ಲ.

ಆ ಹಿರಿಯರು ಮುಂದಿನ ಚೆಕಪ್‌ಗೆ ಬಂದಾಗ ಗ್ರಾಫ್ 110ರವರೆಗೆ ಹರಡಿತ್ತು. ಒಂದೇ ತಕರಾರು: ನಡೆದು ಬಂದು ಕೂತ ಮೇಲೂ ಎದೆ ಸ್ವಲ್ಪ ಹೊತ್ತು ಹೊಡೆದುಕೊಳ್ಳುತ್ತೆ. ಶ್ರಮ ನಿಂತ ಮೇಲೆ ಬಡಿತ ಇಳಿಯಲು ಹಿಡಿಯುವ ಸಮಯ, ಅಂದರೆ ರಿಕವರಿ ಟೈಮ್ ಒಂದು ಹಂತ ಕಡಿಮೆ ಮಾಡಿದೆ. ಮತ್ತೆ ಕಾರಿಡಾರ್‌ನಲ್ಲಿ ನಡೆಸಿ, ಕೂರಿಸಿ, ಬಡಿತ ಇಳಿಯುವುದನ್ನು ನೋಡಿಯೇ ಮನೆಗೆ ಕಳಿಸಿದೆ.