ಇಟ್ಟಿಗೆ ಎಣಿಸಿ ಬರೆದ ಮನೆ

ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಮೂರು ಅಂತಸ್ತಿನ ಕೆಂಪು ಮನೆಯೊಂದಿದೆ. ಈಗ ಅದಕ್ಕೆ ಕ್ಯೂ ಅರಮನೆ ಅಂತ ಹೆಸರು. ರಾಜರು ಬಂದದ್ದು ಆಮೇಲೆ. 1631ರಲ್ಲಿ ಕಟ್ಟಿಸಿದವನು ಸ್ಯಾಮ್ಯುಯೆಲ್ ಫೋರ್ಟ್ರಿ ಎಂಬ ವ್ಯಾಪಾರಿ. ಅವನ ಮತ್ತು ಹೆಂಡತಿಯ ಹೆಸರಿನ ಮೊದಲಕ್ಷರಗಳು, ಇಸವಿ ಸಮೇತ, ಬಾಗಿಲ ಮೇಲೆ ಇನ್ನೂ ಇವೆ.

ಈ ಮನೆಯ ಮುಂಭಾಗದ ಚಿತ್ರವನ್ನು ಅಳತೆಗೆ ಸರಿಯಾಗಿ ಬರೆಯಬೇಕು ಅಂತ ಹೊರಟೆ. ಏಣಿ ಹಾಕುವ ಹಾಗಿಲ್ಲ. ಅದಕ್ಕೆ ಕೆಳಗಡೆ ಹತ್ತು ವರಸೆಗೆ, ಅಂದರೆ ಹತ್ತು ಇಟ್ಟಿಗೆ ಸಾಲಿಗೆ, ಒಟ್ಟಿಗೆ ಟೇಪ್ ಹಿಡಿದು, ಬಂದದ್ದನ್ನು ಹತ್ತರಿಂದ ಭಾಗಿಸಿದೆ. ಒಂದೇ ಇಟ್ಟಿಗೆ ಅಳೆದರೆ ಮೋಸ ಹೋಗುತ್ತೀರಿ. ಕೈಯಲ್ಲಿ ಅಚ್ಚು ಹಾಕಿದ್ದು ಒಂದರಂತೆ ಒಂದಿರುವುದಿಲ್ಲ. ಆಮೇಲೆ ಬೈನಾಕ್ಯುಲರ್ ಹಿಡಿದು ಮೇಲಿನ ತನಕ ವರಸೆ ಎಣಿಸಿದೆ. ಕುತ್ತಿಗೆ ಹಿಡಿದುಕೊಂಡಿತು.

ಎಡವಿದ್ದು ರಾತ್ರಿ ರೂಮಿನಲ್ಲಿ. ಒಂದು ವರಸೆ ಪೂರ್ತಿ ಸ್ಟ್ರೆಚರ್ (ಉದ್ದ ಮೈ ಹೊರಗೆ ಕಾಣುವ ಇಟ್ಟಿಗೆ), ಮುಂದಿನದು ಪೂರ್ತಿ ಹೆಡರ್ (ಗಿಡ್ಡ ತುದಿ ಹೊರಗೆ ಕಾಣುವುದು), ಹೀಗೆ ಗೋಡೆ ತುಂಬಿಸುತ್ತಾ ಹೋದೆ. ಇಟ್ಟಿಗೆ ಜೋಡಿಸುವ ಈ ಕ್ರಮಕ್ಕೆ ಇಂಗ್ಲಿಷ್ ಬಾಂಡ್ ಅಂತ ಹೆಸರು. ಇಂಗ್ಲೆಂಡಿನ ಮನೆ, ಹಾಗಾಗಿ ಇಂಗ್ಲಿಷ್ ಬಾಂಡ್, ಅಲ್ವಾ? ಫೋಟೋ ದೊಡ್ಡದು ಮಾಡಿ ನೋಡಿದರೆ ಪ್ರತಿ ವರಸೆಯಲ್ಲೂ ಒಂದು ಉದ್ದ, ಒಂದು ಗಿಡ್ಡ, ಮತ್ತೆ ಉದ್ದ. ಫ್ಲೆಮಿಷ್ ಬಾಂಡ್! ಡಿಪ್ಲೊಮಾದಲ್ಲಿ ಮಾರ್ಕ್ಸ್‌ಗಾಗಿ ಎರಡನ್ನೂ ಬರೆದವನು ನಾನೇ. ಫೋರ್ಟ್ರಿ ಮನೆತನದ ಮೂಲ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ (ಫ್ಲೆಮಿಷ್ ಅಂದರೆ ಅಲ್ಲಿಯದು), ಮನೆಯ ಹಳೆಯ ಹೆಸರೇ ಡಚ್ ಹೌಸ್. ಇಂಗ್ಲೆಂಡಿನಲ್ಲಿ ಈ ಬಾಂಡ್ ಕಾಣಿಸಿಕೊಂಡ ಮೊದಮೊದಲ ಮನೆಗಳಲ್ಲಿ ಇದೂ ಒಂದು. ಬರೆದದ್ದೆಲ್ಲ ಅಳಿಸಿದೆ.

ಎರಡನೇ ಸಲ ಮತ್ತೆ ಅಳಿಸಬೇಕಾಯಿತು, ಗೋಡೆಯ ನಡುವಿನಿಂದ ಶುರು ಮಾಡಿದ್ದೇ ತಪ್ಪು. ಮೂಲೆಯ ಹೆಡರ್ ಪಕ್ಕ ಉದ್ದುದ್ದ ಸೀಳಿದ ಇಟ್ಟಿಗೆ, ಅಂದರೆ ಕ್ಲೋಸರ್, ಕೂರಿಸಿದರೆ ಮಾತ್ರ ಮೇಲಿನ ಹೆಡರ್ ಕೆಳಗಿನ ಸ್ಟ್ರೆಚರಿನ ನಟ್ಟನಡುವೆ ಬರುತ್ತದೆ.

ಬಣ್ಣದಲ್ಲೂ ಸುಮ್ನೆ ಬುದ್ಧಿವಂತಿಕೆ ತೋರಿಸಿದ್ದೆ. ಒಂದೊಂದು ಇಟ್ಟಿಗೆಗೂ ಒಂದೊಂದು ಕೆಂಪು. ನಿಜಕ್ಕೂ ಆ ಗೋಡೆ ಮೇಲಿರುವುದು ಕೆಮ್ಮಣ್ಣು ಬೆರೆಸಿದ ಸುಣ್ಣ, ನಮ್ಮ ಕಾಲದ ದುರಸ್ತಿಯಲ್ಲಿ ಬಳಿದದ್ದು. ಒಂದೇ ಬಣ್ಣ ಎಳೆದು ಬಿಟ್ಟೆ. ಮೇಲೆಳೆಯುವ ಸ್ಯಾಷ್ ಕಿಟಕಿಗಳೂ ಮೊದಲಿನವಲ್ಲ, 18ನೇ ಶತಮಾನದವು. ಅವನ್ನು ಇದ್ದ ಹಾಗೇ ಬರೆದೆ.

ಕೊನೆಗೆ ಮೇಲಿನ ಮೂರು ಬಳುಕು ಗೇಬಲ್, ಅಂದರೆ ಮಾಡಿನ ಮುಂದಿನ ಗೋಡೆಯ ತುದಿ. ಕಂಪಾಸ್ ಹಾಕಿದರೆ ಕೂರಲಿಲ್ಲ. ಪ್ರತಿ ವರಸೆ ಎಷ್ಟು ಇಟ್ಟಿಗೆ ಒಳಗೆ ಸರಿದಿದೆ ಅಂತ ಎಣಿಸಿ ಚುಕ್ಕಿ ಇಟ್ಟೆ, ರಂಗೋಲಿ ಥರ ಕೈಯಲ್ಲೇ ಸೇರಿಸಿದೆ. ಗೋಡೆಗೆಲ್ಲ ಹಿಡಿದದ್ದಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಹೋಯಿತು.