ಟ್ರಯಾಲಜಿಯ ಕೊನೆಯ ಪುಸ್ತಕ: ಪ್ರೇಮದ ಗಂಟು, ಪ್ರಭುತ್ವದ ಗಂಟು ಒಟ್ಟಿಗೇ ಬಿಚ್ಚಲಿ

ಹದಿಹರೆಯದವರ ಡಿಸ್ಟೋಪಿಯನ್, ಅಂದರೆ ದಬ್ಬಾಳಿಕೆಯ ಆಡಳಿತವಿರುವ ಕಲ್ಪಿತ ಲೋಕದ, ಪ್ರೇಮಕಥೆಯ ಮೂರನೇ ಪುಸ್ತಕಕ್ಕೆ ಓದುಗರು ಎರಡು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಈ ಆಡಳಿತ ಬೀಳುತ್ತದೆಯೇ? ಇವರಿಬ್ಬರು ಒಂದಾಗುತ್ತಾರೆಯೇ? ಎರಡಕ್ಕೂ ಬೇರೆ ಬೇರೆ ಅಧ್ಯಾಯಗಳಲ್ಲಿ ಉತ್ತರ ಕೊಟ್ಟಾಗ ಮುಕ್ತಾಯ ಸಪ್ಪೆಯಾಗುತ್ತದೆ: ಮೊದಲು ಯುದ್ಧ ಮುಗಿಯುತ್ತದೆ, ಆಮೇಲೆ ಅಪ್ಪುಗೆ. ಕೊನೆಯಲ್ಲಿ ನಾಯಕಿ ಮಾಡುವ ಒಂದೇ ನಿರ್ಧಾರ ಎರಡಕ್ಕೂ ಉತ್ತರವಾಗಬೇಕು.

ಒಂದು ಉದಾಹರಣೆ ಕಟ್ಟೋಣ. ಪ್ರತಿ ಮನೆಯ ಮಾತೂ ದಾಖಲಾಗುವ ನಗರ. ಆ ದಾಖಲೆಗಳನ್ನೆಲ್ಲ ಜನರ ಮುಂದಿಟ್ಟರೆ ಆಡಳಿತ ಕುಸಿಯುತ್ತದೆ. ಆದರೆ ಹುಡುಗ ತನ್ನ ಹದಿಮೂರನೇ ವಯಸ್ಸಿನಲ್ಲಿ ಸ್ವಂತ ಅಣ್ಣನ ವಿರುದ್ಧ ಕೊಟ್ಟ ಹೇಳಿಕೆಯೂ ಅದರಲ್ಲಿದೆ. ಆ ಹಾಳೆಯನ್ನು ತೆಗೆದರೆ ಅವನು ಉಳಿಯುತ್ತಾನೆ, ಆದರೆ ಒಂದು ಹಾಳೆ ತೆಗೆದ ದಾಖಲೆಯನ್ನು ಮತ್ತೆ ಯಾರೂ ನಂಬುವುದಿಲ್ಲ. ಈಗ ಅವಳು ಏನು ಮಾಡಿದರೂ ಅದು ಪ್ರೇಮದ ಮಾತೂ ಹೌದು, ರಾಜಕೀಯದ ಮಾತೂ ಹೌದು. ಹುಡುಗನೂ ಸುಮ್ಮನೆ ಕಾಯುತ್ತ ಕೂರಬಾರದು. ಅವಳು ಕೇಳುವ ಮೊದಲೇ ಆ ಹಾಳೆಯನ್ನು ತಾನೇ ಎಲ್ಲರೆದುರು ಓದಿದರೆ ಜೋಡಿ ಸಮಾನರ ಜೋಡಿಯಾಗುತ್ತದೆ. ನಿಮ್ಮ ಲೋಕದ ಮುಖ್ಯ ಕಾನೂನು ಯಾವುದೋ ಅದೇ ಈ ಗಂಟನ್ನು ಹಾಕಲಿ. ಮೂರನೇ ಪುಸ್ತಕದಲ್ಲಿ ಹೊಸದಾಗಿ ಹುಟ್ಟಿದ ವಿಷ, ಬಾಂಬು, ರೋಗದಿಂದ ಹಾಕಿದ ಗಂಟು ಬಿಗಿಯಾಗುವುದಿಲ್ಲ.

ಬರೆಯಲು ಕೂರುವ ಮುನ್ನ ಮೊದಲೆರಡು ಪುಸ್ತಕಗಳನ್ನು ಪೆನ್ನು ಹಿಡಿದು ಮತ್ತೆ ಓದಿ, ಬಾಕಿ ಪಟ್ಟಿ ಮಾಡಿ. ಮೂರು ಅಂಕಣ ಸಾಕು: ಪುಟಸಂಖ್ಯೆ, ಕೊಟ್ಟ ಮಾತು, ಓದುಗರು ಈಗ ಏನನ್ನು ನಿರೀಕ್ಷಿಸುತ್ತಿದ್ದಾರೆ. ಕಾಣೆಯಾದ ತಂಗಿ, ತೆರೆಯದ ಪತ್ರ, ಸಿಟ್ಟಿನಲ್ಲಿ ಮಾಡಿದ ಆಣೆ, ನಾಯಕಿ ಹೇಳಿ ದಕ್ಕಿಸಿಕೊಂಡ ಸುಳ್ಳು, ಎಲ್ಲವೂ ಬರಲಿ. ನಲವತ್ತು ಸಾಲು ದಾಟಿದರೆ ಗಾಬರಿ ಬೇಡ. ಅದರಲ್ಲಿ ಹತ್ತು-ಹನ್ನೆರಡನ್ನು ತೀರಿಸಲೇಬೇಕು, ಉಳಿದವಕ್ಕೆ ಒಂದೊಂದು ವಾಕ್ಯ ಸಾಕು. ಹತ್ತು-ಹನ್ನೆರಡರಲ್ಲಿ ಅತಿ ಭಾರದ ಮೂರನ್ನು ಕ್ಲೈಮ್ಯಾಕ್ಸಿಗೇ ಇಟ್ಟುಕೊಳ್ಳಿ, ಮಿಕ್ಕವನ್ನು ಪುಸ್ತಕದ ಮೊದಲ ಮುಕ್ಕಾಲು ಭಾಗದಲ್ಲೇ ತೀರಿಸುತ್ತ ಬನ್ನಿ. ಎಲ್ಲ ಬಾಕಿಯನ್ನೂ ಕೊನೆಗೆ ತಳ್ಳಿದರೆ ಅಂತಿಮ ಅಧ್ಯಾಯಗಳಲ್ಲಿ ಪಾತ್ರಗಳು ನಿಂತು ವಿವರಣೆ ಕೊಡಬೇಕಾಗುತ್ತದೆ.

ಮೂವತ್ತು ಅಧ್ಯಾಯಗಳ ಪುಸ್ತಕವಾದರೆ ಲೆಕ್ಕ ಹೀಗಿರಲಿ. ತ್ರಿಕೋನ ಪ್ರೇಮವಿದ್ದರೆ ಯಾರು ಎಂಬುದು 18 ಅಥವಾ 19ನೇ ಅಧ್ಯಾಯದಲ್ಲಿ ತೀರ್ಮಾನವಾಗಬೇಕು. ಕ್ಲೈಮ್ಯಾಕ್ಸ್ 25ರಿಂದ 27. ಕೊನೆಯ ಮೂರು ಅಧ್ಯಾಯ ನಂತರದ ಬದುಕಿಗೆ. ಆಯ್ಕೆಯನ್ನು ಯುದ್ಧ ಮುಗಿಯುವವರೆಗೂ ಎಳೆದರೆ ಹುಡುಗ ಗೆದ್ದವಳಿಗೆ ಸಿಕ್ಕ ಬಹುಮಾನದಂತೆ ಕಾಣುತ್ತಾನೆ. ಮೊದಲೇ ಆರಿಸಿಕೊಂಡರೆ ಆ ಆಯ್ಕೆಗೆ ಪರೀಕ್ಷೆ ಒಡ್ಡಲು ಜಾಗ ಸಿಗುತ್ತದೆ. ಆಯ್ಕೆಯಾಗದವನನ್ನು ಕೊಂದು ಅಥವಾ ದಿಢೀರನೆ ದ್ರೋಹಿಯಾಗಿಸಿ ದಾರಿ ಸುಲಭ ಮಾಡಿಕೊಳ್ಳಬೇಡಿ. ಎರಡು ಪುಸ್ತಕ ಅವನನ್ನು ಪ್ರೀತಿಸಿದ ಓದುಗರಿಗೆ ಅದು ಅವಮಾನ. ಅವನಿಗೂ ಬೇರೆಯದೇ ಆದ ಒಂದು ಗುರಿ ಕೊಡಿ, ಬೇಡವೆಂದ ಮೇಲೂ ಅವನು ಅವಳಿಗೆ ಒಮ್ಮೆ ನೆರವಾಗಲಿ, ಒಮ್ಮೆ ನಿರಾಕರಿಸಲಿ.

ಜೋಡಿಯನ್ನು ಅಗಲಿಸುವುದಾದರೆ ಐದು ಅಧ್ಯಾಯ ಮೀರಬೇಡಿ. ಅಗಲಿಕೆಯಲ್ಲಿ ಬರೀ ಹಂಬಲ ಸಾಲದು. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಒಂದು ತಪ್ಪು ನಿರ್ಧಾರ ತೆಗೆದುಕೊಳ್ಳಲಿ, ಮತ್ತೆ ಸೇರಿದಾಗ ಮೊದಲು ಆ ಜಗಳವಾಗಲಿ. ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇಲ್ಲೊಂದು ಒಳ್ಳೆಯ ಸಾಧನವಿದೆ. ಅವನು ಅವಳ ತುಕಡಿಯ ಮುಖ್ಯಸ್ಥನಾಗಿದ್ದು ಎರಡು ಪುಸ್ತಕವಿಡೀ ಅವಳು ಅವನನ್ನು 'ನೀವು' ಎಂದಿದ್ದರೆ, ಮೊದಲ 'ನೀನು' ಎಲ್ಲಿ ಬರಬೇಕೆಂದು ಈಗಲೇ ಗುರುತು ಹಾಕಿಕೊಳ್ಳಿ. ಆ ಒಂದು ಮಾತು ಎರಡು ಪುಟದ ನಿವೇದನೆಗಿಂತ ಗಟ್ಟಿ.

ಉತ್ತಮ ಪುರುಷದಲ್ಲಿ ಕಥೆ ಹೇಳುವಾಗ ದೊಡ್ಡ ಅಪಾಯ ಯುದ್ಧದ ಹೊತ್ತಿಗೆ ಎದುರಾಗುತ್ತದೆ. ನಿರೂಪಕಿ ಒಂದೇ ಕಡೆ ಇರಬಲ್ಲಳು. ಹಾಗಾಗಿ ಅವಳಿಗೆ ಪೆಟ್ಟಾಗಿ, ಪ್ರಜ್ಞೆ ತಪ್ಪಿ, ಆಸ್ಪತ್ರೆಯಲ್ಲಿ ಎಚ್ಚರವಾದಾಗ ಯಾರೋ ಬಂದು ಗೆದ್ದೆವೆಂದು ಹೇಳುತ್ತಾರೆ. ಇದನ್ನು ಮಾಡಲೇಬೇಡಿ. ನಗರವಿಡೀ ಹಬ್ಬಿದ ಯುದ್ಧವನ್ನು ಒಂದು ಕೋಣೆಗೆ, ಒಂದು ಸೇತುವೆಗೆ, ಒಂದು ಸ್ವಿಚ್ಚಿಗೆ ಇಳಿಸಿ. ಮೊದಲ ಪುಸ್ತಕದಲ್ಲಿ ಅವಳು ಕಲಿತ ಸಣ್ಣ ಕೌಶಲವೇ ಅಲ್ಲಿ ಕೆಲಸಕ್ಕೆ ಬರಲಿ. ವರ್ತಮಾನ ಕಾಲದಲ್ಲಿ ಬರೆಯುತ್ತಿದ್ದರೆ ಇನ್ನೊಂದು ತೊಡಕು: ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ಸಾಲು ಸಾಲಾಗಿ 'ಓಡುತ್ತೇನೆ, ನೋಡುತ್ತೇನೆ, ಹಾರುತ್ತೇನೆ' ಬಂದು ವೇಗದ ಬದಲು ಏಕತಾನ ಹುಟ್ಟುತ್ತದೆ. ಮೂರನೇ ವಾಕ್ಯಕ್ಕೊಮ್ಮೆ ಕ್ರಿಯಾಪದ ಬಿಡಿ, ಅಥವಾ ಕರ್ತೃವನ್ನು ಅವಳಿಂದ ವಸ್ತುವಿಗೆ ಬದಲಿಸಿ.

ಹಳೆಯ ಆಡಳಿತ ಬಿದ್ದ ಮೇಲೆ ಏನು ಎಂಬುದು ಈ ಪ್ರಕಾರದ ಜೀವಾಳ, ಹೆಚ್ಚಿನ ಡ್ರಾಫ್ಟುಗಳು ಸೊರಗುವುದೂ ಇಲ್ಲೇ. 'ಹಂಗರ್ ಗೇಮ್ಸ್' ಟ್ರಯಾಲಜಿಯ ಕೊನೆಯ ಪುಸ್ತಕ, 2010ರ 'ಮಾಕಿಂಗ್‌ಜೇ'ಯಲ್ಲಿ ಗೆದ್ದ ಬಂಡುಕೋರರ ನಾಯಕಿ, ಹಳೆಯ ಆಡಳಿತ ಮಕ್ಕಳನ್ನು ಸಾಯುವವರೆಗೆ ಕಾದಾಡಿಸುತ್ತಿದ್ದ ಆಟವನ್ನೇ ಸೋತವರ ಮಕ್ಕಳನ್ನಿಟ್ಟು ಇನ್ನೊಮ್ಮೆ ಆಡಿಸುವ ಪ್ರಸ್ತಾಪ ಮುಂದಿಡುತ್ತಾಳೆ. ಹೊಸಬರ ಕೈಗೆ ಹಳೆಯ ಅಸ್ತ್ರವೇ ಬಂದದ್ದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ನಿಮ್ಮ ಲೋಕಕ್ಕೆ ಒಂದು ಪುಟದ ಟಿಪ್ಪಣಿ ಬರೆದುಕೊಳ್ಳಿ: ಆಡಳಿತ ಬಿದ್ದ ಮೂವತ್ತನೇ ದಿನ ಆಹಾರ ಹಂಚುವವರು ಯಾರು, ಬಂದೂಕು ಯಾರ ಬಳಿ ಇದೆ, ಸೆರೆಯಲ್ಲಿ ಯಾರಿದ್ದಾರೆ, ಮಕ್ಕಳಿಗೆ ಏನು ಕಲಿಸುತ್ತಿದ್ದಾರೆ. ಟಿಪ್ಪಣಿ ಕಾದಂಬರಿಯಲ್ಲಿ ಬರಬೇಕಾಗಿಲ್ಲ, ಆದರೆ ಈ ನಾಲ್ಕಕ್ಕೂ ಉತ್ತರವಿಲ್ಲದೆ ಕೊನೆಯ ಮೂರು ಅಧ್ಯಾಯ ಬರೆಯಲಾಗದು.

ಸಾವುಗಳ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಓದುಗರಿಗೆ ಹೆಸರು ಗೊತ್ತಿರುವ ಇಬ್ಬರು ಅಥವಾ ಮೂವರು ಸಾಕು. ಪ್ರತಿ ಸಾವೂ ಯಾರದೋ ನಿರ್ಧಾರದ ಫಲವಾಗಿರಲಿ, ಅದಾದ ಮೇಲೆ ಕಡಿಮೆಯೆಂದರೂ ಒಂದು ಪೂರ್ತಿ ದೃಶ್ಯ ದುಃಖಕ್ಕೆ ಮೀಸಲಿರಲಿ. ನಾಯಕಿಯೇ ಸಾಯುವುದಾದರೆ ಅದು ಮೊದಲ ಪುಸ್ತಕದಿಂದಲೂ ಕಂಡ ಅವಳ ಸ್ವಭಾವದ ತಾರ್ಕಿಕ ತುದಿಯಾಗಬೇಕು. ನಿರೂಪಣೆಯ ತಯಾರಿಯೂ ಬೇಕು. 'ಡೈವರ್ಜೆಂಟ್' ಟ್ರಯಾಲಜಿಯ ಕೊನೆಯ ಪುಸ್ತಕ, 2013ರ 'ಅಲೀಜಿಯಂಟ್'ನಲ್ಲಿ ಅದುವರೆಗೆ ನಾಯಕಿಯೊಬ್ಬಳೇ ಹೇಳುತ್ತಿದ್ದ ಕಥೆಗೆ ನಾಯಕನ ದನಿಯೂ ಸೇರಿತು, ನಾಯಕಿ ಕೊನೆಗೆ ಸತ್ತಳು. ಮೂರನೇ ಪುಸ್ತಕದಲ್ಲಷ್ಟೇ ಎರಡನೇ ದನಿ ಬಂದರೆ ಸೂಕ್ಷ್ಮ ಓದುಗರಿಗೆ ಅದೇ ಸುಳಿವಾಗಬಲ್ಲದು. ಅಂಥ ಯೋಜನೆ ಇದ್ದರೆ ಎರಡನೇ ಪುಸ್ತಕದಿಂದಲೇ ಇನ್ನೊಂದು ದನಿಯನ್ನು ರೂಢಿ ಮಾಡಿಸಿ.

ಉಪಸಂಹಾರ ಕಡ್ಡಾಯವಲ್ಲ. ಬರೆದರೆ ಸಾವಿರ ಪದದೊಳಗೆ ಮುಗಿಸಿ. ಮೊದಲ ಪುಸ್ತಕದ ಮೊದಲ ದೃಶ್ಯ ನಡೆದ ಜಾಗಕ್ಕೇ ಹೋಗಿ, ಅದೇ ಕೆಲಸ ಮಾಡಿಸಿ. ನಮ್ಮ ಉದಾಹರಣೆಯ ನಗರದಲ್ಲಾದರೆ, ಅಂದು ಮೈಕಿಗೆ ಹೆದರಿ ಪಿಸುಗುಟ್ಟುತ್ತಿದ್ದವಳು ಇಂದು ಮೈಕಿಲ್ಲದ ಅದೇ ಕೋಣೆಯಲ್ಲೂ ದನಿ ತಗ್ಗಿಸುತ್ತಾಳೆ, ಅವನು 'ಜೋರಾಗಿ ಹೇಳು' ಎನ್ನುತ್ತಾನೆ. ವಾಸಿಯಾಗದ ಗಾಯ ಒಂದಾದರೂ ಕಾಣಬೇಕು. ಮದುವೆ, ಮಕ್ಕಳು, ಹುದ್ದೆಗಳ ಪಟ್ಟಿ ಕೊಟ್ಟರೆ ಆ ಗಾಯ ಮುಚ್ಚಿಹೋಗುತ್ತದೆ.

ಡ್ರಾಫ್ಟನ್ನು ಮೊದಲೆರಡು ಪುಸ್ತಕ ಓದಿದ ಮೂವರಿಗೆ ಕೊಡಿ. ಹೇಗಿದೆ ಎಂದು ಕೇಳಬೇಡಿ. ಕೊನೆಯ ನಿರ್ಧಾರ ಯಾರದು, ಅವಳು ಯಾರನ್ನು ಆರಿಸಿದಳೆಂದು ಯಾವ ಪುಟದಲ್ಲಿ ಖಚಿತವಾಯಿತು, ಯಾರ ಗತಿ ಏನಾಯಿತೆಂದು ತಿಳಿಯಲಿಲ್ಲ ಎಂದು ಕೇಳಿ. ಮೊದಲನೆಯದಕ್ಕೆ ನಾಯಕಿಯ ಹೆಸರು ಬಾರದಿದ್ದರೆ ಕ್ಲೈಮ್ಯಾಕ್ಸನ್ನು ಮತ್ತೆ ಕಟ್ಟಬೇಕು. ಮೂರನೆಯದರಲ್ಲಿ ಇಬ್ಬರು ಒಂದೇ ಹೆಸರು ಹೇಳಿದರೆ ಬಾಕಿ ಪಟ್ಟಿ ತೆಗೆದು ಆ ಸಾಲು ಹುಡುಕಿ, ಕೊನೆಯ ಮೂರು ಅಧ್ಯಾಯಗಳೊಳಗೆ ಆ ವ್ಯಕ್ತಿಗೆ ಒಂದು ಬಾಗಿಲು, ಒಂದು ಮಾತು ಕೊಡಿ.