ಐರಿಷ್ ರೀಲ್ ನುಡಿಸುವಾಗ ಎಲ್ಲಿ ಬದಲಿಸಬೇಕು, ಎಲ್ಲಿ ಸುಮ್ನಿರಬೇಕು

ಐರಿಷ್ ಕುಣಿತಕ್ಕೆ ನುಡಿಸುವ ವೇಗದ ಟ್ಯೂನಾದ ರೀಲ್ ಒಂದನ್ನು ಬಾಯಿಪಾಠ ಮಾಡಿದ್ದಾಯ್ತು, ಮುಂದೇನು? ಮೊದಲ ಭಾಗ ಎರಡು ಸಲ, ಎರಡನೇ ಭಾಗ ಎರಡು ಸಲ, ಇಡೀ ಟ್ಯೂನ್ ಸಾಮಾನ್ಯವಾಗಿ ಮೂರು ಸುತ್ತು. ಅಂದರೆ ಪ್ರತಿ ಭಾಗದ ಅದೇ ಎಂಟು ಬಾರ್ (ತಾಳದ ಆವರ್ತದಂಥ ತುಂಡು) ಆರು ಸಲ ಬರುತ್ತದೆ. ಆರೂ ಸಲ ಅಚ್ಚು ಹಾಕಿದ ಹಾಗೆ ನುಡಿಸಿದರೆ ಕೇಳುವವರಿಗೂ ಬೇಜಾರು, ನಿಮಗೂ ಬೇಜಾರು. ಹಾಗಂತ ಸಿಕ್ಕಸಿಕ್ಕ ಕಡೆ ಸ್ವರ ಬದಲಿಸುತ್ತಾ ಹೋದರೆ ಟ್ಯೂನೇ ಕಳೆದುಹೋಗುತ್ತದೆ. ಎಲ್ಲಿ ಕೈ ಹಾಕಬಹುದು ಅಂತ ಟ್ಯೂನೇ ಹೇಳುತ್ತದೆ, ಕೇಳಿಸಿಕೊಳ್ಳಬೇಕು ಅಷ್ಟೆ.

ಉದಾಹರಣೆಗೆ ‘ಕೂಲೀಸ್ ರೀಲ್’ ತಗೊಳ್ಳೋಣ. ಗಾಲ್ವೇ ಕೌಂಟಿಯ ಪೀಟರ್ಸ್‌ವೆಲ್ ಊರಿನ ಅಕಾರ್ಡಿಯನ್ ವಾದಕ ಜೋ ಕೂಲಿ (1924–1973) ಹೆಸರಿನಲ್ಲಿ ಓಡಾಡುವ ಟ್ಯೂನ್ ಇದು. ಡಿ ಟಿನ್ ವಿಸಲ್ (ಡಿ ಶ್ರುತಿಯ, ಆರು ತೂತಿನ ಚಿಕ್ಕ ತಗಡಿನ ಕೊಳಲು) ಇದ್ದರೆ ಸಾಕು. ಪಾಶ್ಚಾತ್ಯ ಸ್ವರಗಳಿಗೆ ಎ ಇಂದ ಜಿ ವರೆಗಿನ ಅಕ್ಷರಗಳೇ ಹೆಸರು; ಇಲ್ಲಿ ಎಫ್ ಮತ್ತು ಸಿ ಎರಡೂ ಶಾರ್ಪ್ (ಅರ್ಧ ಸ್ವರ ಮೇಲೆ), ಟ್ಯೂನ್ ನಿಲ್ಲುವುದು ಇ ಮೇಲೆ. ಕರ್ನಾಟಕ ಸಂಗೀತ ಗೊತ್ತಿರುವವರು ಇ ಸ್ವರವನ್ನೇ ಷಡ್ಜ ಮಾಡಿಕೊಂಡು ನೋಡಿ, ಖರಹರಪ್ರಿಯದ ಸ್ವರಗಳೇ ಸಿಗುತ್ತವೆ. ಗಮಕ ಮಾತ್ರ ಮನೇಲೇ ಬಿಟ್ಟು ಬನ್ನಿ!

ಮೊದಲ ಕೆಲಸ, ವಿಸಲ್ ಪಕ್ಕಕ್ಕಿಟ್ಟು ಕಾಲು ತಟ್ಟುವುದು. ರೀಲ್‌ನ ಒಂದು ಬಾರ್‌ನಲ್ಲಿ ಎಂಟು ಎಣಿಕೆ. ಕಾಲು ಬೀಳುವುದು ಒಂದಕ್ಕೆ ಮತ್ತು ಐದಕ್ಕೆ. ಕೂಲೀಸ್ ಮೊದಲ ಮೂರು ಬಾರ್ ಹೀಗಿವೆ (ಗೆರೆ ಇದ್ದ ಕಡೆ ಹಿಂದಿನ ಸ್ವರವನ್ನೇ ಎಳೆಯಬೇಕು):

ಇ ಬಿ ಬಿ ಎ ಬಿ – ಇ ಬಿ
ಬಿ – ಎ ಬಿ ಡಿ ಬಿ ಎ ಜಿ
ಎಫ್ ಡಿ ಎ ಡಿ ಬಿ ಡಿ ಎ ಡಿ

ಎರಡನೇ ಸಾಲಿನ ಡಿ ಮೇಲಿನ ಸ್ಥಾಯಿಯದು, ಮೂರನೇ ಸಾಲಿನವೆಲ್ಲ ಕೆಳಗಿನವು. ಈಗ ಕಾಲಿನ ಕೆಳಗೆ ಬೀಳುವ ಸ್ವರಗಳನ್ನಷ್ಟೇ ನುಡಿಸಿ: ಇ ಬಿ, ಬಿ ಡಿ, ಎಫ್ ಬಿ. ಇದೇ ಟ್ಯೂನಿನ ಎಲುಬು. ಗೊತ್ತಿರುವವರು ಇಷ್ಟು ಕೇಳಿದರೂ ಕೂಲೀಸ್ ಅಂತ ಗುರುತು ಹಿಡಿದಾರು. ಸದ್ಯಕ್ಕೆ ಇವನ್ನು ಮುಟ್ಟಬೇಡಿ. ಉಳಿದದ್ದರಲ್ಲಿ ಆಟ ಆಡಿ.

ಎರಡನೇ ಬಾರ್ ಇದಕ್ಕೆ ಒಳ್ಳೆ ಜಾಗ. ಬಿ ಇಂದ ಹೊರಟು ಐದನೇ ಎಣಿಕೆಗೆ ಮೇಲಿನ ಡಿ ಮುಟ್ಟಬೇಕು, ದಾರಿ ನಿಮ್ಮಿಷ್ಟ. ಒಂದು ದಾರಿ, ಇರುವ ಹಾಗೇ ‘ಬಿ – ಎ ಬಿ’. ಇನ್ನೊಂದು, ಮೊದಲ ಮೂರು ಎಣಿಕೆಗೆ ಬಿ ಮೇಲೆ ರೋಲ್ ಹಾಕಿ ನಾಲ್ಕನೆಯದಕ್ಕೆ ಎ. ರೋಲ್ ಅಂದರೆ ಕಟ್, ಟ್ಯಾಪ್ ಎಂಬ ಎರಡು ಬೆರಳಾಟದಿಂದ ಒಂದೇ ಸ್ವರವನ್ನು ಮೂರಾಗಿ ಕತ್ತರಿಸುವುದು. ವಿಸಲ್‌ನಲ್ಲಿ ಬಿ ಸ್ವರಕ್ಕೆ ಮುಚ್ಚಿರುವುದು ಮೇಲಿನ ಒಂದೇ ತೂತು. ಆ ಬೆರಳನ್ನು ಥಟ್ಟನೆ ಎತ್ತಿ ಇಡಿ, ಅದು ಕಟ್. ಆಮೇಲೆ ಎರಡನೇ ತೂತನ್ನು ಪಕ್ಕದ ಬೆರಳಿಂದ ತಟ್ಟಿ ಬಿಡಿ, ಅದು ಟ್ಯಾಪ್. ಉಸಿರು ಎಲ್ಲೂ ಕಡಿಯಬಾರದು, ಮತ್ತೆ ನಡುವೆ ಬರುವ ಸ್ವರ ಯಾವುದು ಅಂತ ಕಿವಿಗೆ ಗೊತ್ತಾಗಬಾರದು, ಗೊತ್ತಾಯ್ತು ಅಂದರೆ ಬೆರಳು ನಿಧಾನ ಅಂತ ಅರ್ಥ. ಮೂರನೇ ದಾರಿ ‘ಬಿ ಎ ಬಿ ಸಿ’, ಸಿ ಶಾರ್ಪ್ ಇಟ್ಟುಕೊಂಡು ಮೆಟ್ಟಿಲು ಹತ್ತಿದ ಹಾಗೆ ಡಿಗೆ ಹೋಗುವುದು. ನನಗೆ ಇದೇ ಜಾಸ್ತಿ ಇಷ್ಟ, ಆದರೆ ಪ್ರತಿ ಸಲ ಇದನ್ನೇ ನುಡಿಸಿದರೆ ಇದೂ ಹಳಸುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ಕೈಗೆ ಹತ್ತಿಸಿಕೊಳ್ಳಿ. ಆಮೇಲೆ ಮೊದಲೇ ತೀರ್ಮಾನ ಮಾಡದೆ, ಆ ಬಾರ್ ಬಂದಾಗ ಬಾಯಿಗೆ ಬಂದದ್ದನ್ನು ನುಡಿಸಿ.

ಮೂರನೇ ಬಾರ್ ಬೇರೆ ಜಾತಿ. ಅಲ್ಲಿ ಕೆಳಗಿನ ಡಿ ಪದೇ ಪದೇ ಬರುತ್ತದೆ, ಅದರ ಮೇಲೆ ಎಫ್, ಎ, ಬಿ, ಎ ಅಂತ ಇನ್ನೊಂದು ಎಳೆ ನಡೆಯುತ್ತಿರುತ್ತದೆ. ಉಳಿಸಿಕೊಳ್ಳಬೇಕಾದದ್ದು ಆ ಎಳೆಯನ್ನು. ಹಾಗಾಗಿ ಇಲ್ಲಿ ಸೇರಿಸುವ ಬದಲು ಕಳೆಯಿರಿ: ‘ಎಫ್ – ಎ ಡಿ ಬಿ – ಎ ಡಿ’. ಎರಡು ಡಿ ಹೋಯ್ತು, ಅಷ್ಟೇ, ಆದರೆ ಸ್ವರಗಳ ಮಳೆ ನಡುವೆ ಕಿವಿಗೆ ಒಂಚೂರು ಬಿಡುವು ಸಿಗುತ್ತದೆ. ವಿಸಲ್, ಕೊಳಲು ನುಡಿಸುವವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಉಸಿರು ತಗೊಳ್ಳಲು ಹೇಗೂ ಎಲ್ಲೋ ಒಂದು ಸ್ವರ ಬಿಡಲೇಬೇಕು ಅಲ್ವಾ? ಸುತ್ತಿನಿಂದ ಸುತ್ತಿಗೆ ಉಸಿರಿನ ಜಾಗ ಬದಲಿಸಿದರೆ ಅದೇ ಒಂದು ಬದಲಾವಣೆ ಆಗಿಬಿಡುತ್ತದೆ.

ಎಂಟನೇ ಬಾರ್, ಅಂದರೆ ಭಾಗ ಮುಗಿದು ಇ ಮೇಲೆ ನಿಲ್ಲುವ ಜಾಗ, ಅದನ್ನು ಬಿಟ್ಟುಬಿಡಿ. ಎಲ್ಲರೂ ಅಲ್ಲಿ ಒಟ್ಟಿಗೆ ಇಳಿಯಬೇಕು.

ಸಿ ಸ್ವರದ ಬಗ್ಗೆ ಒಂದು ಮಾತು. ಕೂಲೀಸ್‌ನಲ್ಲಿ ಅದು ಶಾರ್ಪ್, ಆದರೆ ‘ರೇಕಿಷ್ ಪ್ಯಾಡಿ’ಯಂಥ ರೀಲ್‌ಗಳಲ್ಲಿ ಅದೇ ಸಿ ಒಂದು ಸಲ ಶಾರ್ಪ್, ಇನ್ನೊಂದು ಸಲ ನ್ಯಾಚುರಲ್ (ಅದಕ್ಕಿಂತ ಅರ್ಧ ಸ್ವರ ಕೆಳಗೆ), ಹಳೇ ಪೈಪರ್‌ಗಳ (ಐರಿಷ್ ಪೈಪ್ಸ್ ವಾದ್ಯ ನುಡಿಸುವವರ) ಕೈಯಲ್ಲಿ ಕೆಲವೊಮ್ಮೆ ಎರಡರ ನಡುವೆ. ವಿಸಲ್‌ನಲ್ಲಿ ಮೇಲಿನ ತೂತು ತೆರೆದು ಮುಂದಿನ ಎರಡನ್ನು ಮುಚ್ಚಿದರೆ ಸಿ ನ್ಯಾಚುರಲ್ ಬರುತ್ತದೆ. ಸ್ವರ ಸೇರಿಸದೆ, ಕಳೆಯದೆ, ಇದೊಂದರಿಂದಲೇ ಟ್ಯೂನಿನ ಬಣ್ಣ ಬದಲಾಗುತ್ತದೆ. ಪುಸ್ತಕದಲ್ಲಿ ಯಾವುದೋ ಒಂದು ಅಚ್ಚಾಗಿದೆ ಅಂತ ಅದಕ್ಕೇ ಅಂಟಿಕೊಳ್ಳಬೇಡಿ, ಒಳ್ಳೆ ಪೈಪರ್ ಒಬ್ಬರು ಸುತ್ತಿನಿಂದ ಸುತ್ತಿಗೆ ಏನು ಮಾಡುತ್ತಾರೆ ಅಂತ ಕೇಳಿ.

ಈಗ ಎಲ್ಲವನ್ನೂ ಜೋಡಿಸಿ. ಮೊದಲ ಸುತ್ತು ಆದಷ್ಟು ಸರಳವಾಗಿ ಇರಲಿ, ಕೇಳುವವರಿಗೆ ಟ್ಯೂನ್ ಪರಿಚಯ ಆಗಲಿ. ಎರಡನೇ ಸುತ್ತಿನಲ್ಲಿ ಒಂದೆರಡು ಕಡೆ ಬದಲಿಸಿ. ಮೂರನೆಯದರಲ್ಲಿ ಕಾಲಿನ ಕೆಳಗಿನ ಸ್ವರವನ್ನೂ ಒಂದು ಕಡೆ ಮುಟ್ಟಿ ನೋಡಬಹುದು, ಆದರೆ ಒಬ್ಬರೇ ನುಡಿಸುವಾಗ ಮಾತ್ರ. ಸೆಷನ್‌ನಲ್ಲಿ (ವಾದಕರು ಸೇರಿ ನುಡಿಸುವ ಕೂಟದಲ್ಲಿ) ಹತ್ತು ಜನ ಒಂದೇ ಟ್ಯೂನ್ ನುಡಿಸುವಾಗ ಒಬ್ಬರು ರೋಲ್ ಹಾಕಿ ಇನ್ನೊಬ್ಬರು ಮೆಟ್ಟಿಲು ಹತ್ತಿದರೆ ಚೆಂದವೇ, ಕಾಲಿನ ಕೆಳಗಿನ ಸ್ವರಗಳು ಬೇರೆ ಬೇರೆ ಆದರೆ ಕಿವಿಗೆ ಚುಚ್ಚುತ್ತದೆ.

ಇದನ್ನೆಲ್ಲ ಮೀರಿ ಎಲ್ಲಿಯವರೆಗೆ ಹೋಗಬಹುದು ಅನ್ನುವ ಕುತೂಹಲ ಇದ್ದರೆ ಡಬ್ಲಿನ್‌ನ ಫಿಡ್ಲ್ (ಪಿಟೀಲು) ವಾದಕ ಟಾಮಿ ಪಾಟ್ಸ್ ಅವರ ‘ದಿ ಲಿಫಿ ಬ್ಯಾಂಕ್ಸ್’ ಆಲ್ಬಮ್ (1972) ಕೇಳಿ. ಎಣಿಕೆಯನ್ನೇ ಹಿಗ್ಗಿಸಿ ಕುಗ್ಗಿಸುತ್ತಾರೆ. ಅದಕ್ಕೆ ಯಾರೂ ಕುಣಿಯಲು ಆಗುವುದಿಲ್ಲ, ಆದರೆ ಕೇಳುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.